ಸಿಡ್ನಿಯಿಂದ ಅಮ್ಮನ ಮನೆಗೆ ಎಷ್ಟು ಗಂಟೆ?

ಸಿಡ್ನಿಯಲ್ಲಿ ಕೆಲಸ ಸಿಕ್ಕಿದೆ, ಜಯನಗರದಲ್ಲಿ ಅಮ್ಮ ಒಬ್ಬರೇ ಇರ್ತಾರೆ, ಏನಾದರೂ ಆದರೆ ಎಷ್ಟು ಹೊತ್ತಿಗೆ ಮನೆ ಸೇರಬಹುದು ಎಂದು ಕೇಳಿದ್ದೀರಿ. ನಾನು ಸಿಡ್ನಿಗೆ ಬಂದು 14 ವರ್ಷ ಆಯಿತು. ನಮ್ಮ ಮನೆ ಬಸವನಗುಡಿಯಲ್ಲಿ. ಈ ಲೆಕ್ಕ ನನಗೆ ಬಾಯಿಪಾಠ.

ದೇವನಹಳ್ಳಿಯಿಂದ ಸಿಡ್ನಿಗೆ ನೇರ ಗೆರೆ ಎಳೆದರೆ ಸುಮಾರು 9,350 ಕಿ.ಮೀ. 2022ರ ಸೆಪ್ಟೆಂಬರ್‌ನಲ್ಲಿ ಕ್ವಾಂಟಾಸ್ ನೇರ ವಿಮಾನ ಶುರು ಮಾಡಿತು. ಬೆಂಗಳೂರಿನಿಂದ ಬರುವಾಗ 11 ಗಂಟೆ ಚಿಲ್ಲರೆ, ವಾಪಸ್ ಹೋಗುವಾಗ 12 ದಾಟುತ್ತದೆ. ಆಸ್ಟ್ರೇಲಿಯಾದ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಜೋರು ಗಾಳಿ ಬೀಸುತ್ತದೆ. ಊರಿಗೆ ಹೋಗುವವರಿಗೆ ಅದು ಎದುರುಗಾಳಿ. ಆದರೆ ಬೇಕೆಂದ ದಿನವೇ ನೇರ ವಿಮಾನ ಸಿಗುತ್ತದೆ ಎಂದು ನಂಬಿ ಕೂರಬೇಡಿ.

ಸಿಗದಿದ್ದರೆ ಸಿಂಗಪುರದ ಮೇಲೆ ಹೋಗಿ. ಅದು ಹೆಚ್ಚುಕಡಿಮೆ ದಾರಿಯಲ್ಲೇ ಇದೆ, ಸುತ್ತು 100 ಕಿ.ಮೀ. ಚಿಲ್ಲರೆ ಅಷ್ಟೇ. ಸಿಂಗಪುರಕ್ಕೆ 8 ಗಂಟೆ, ಅಲ್ಲಿಂದ ಬೆಂಗಳೂರಿಗೆ ನಾಲ್ಕೂವರೆ. ದುಬೈ ಮೇಲೆ ಹೋದರೆ ಊರು ದಾಟಿ ಮುಂದೆ ಹೋಗಿ ಹಿಂದಕ್ಕೆ ಬಂದ ಹಾಗೆ, ಒಟ್ಟು 14,700 ಕಿ.ಮೀ. ಹತ್ತಿರ. ತುರ್ತಿದ್ದಾಗ ಆ ದಾರಿ ಬೇಡ.

ಆದರೂ ವಿಮಾನದ ಗಂಟೆಗಳನ್ನಷ್ಟೇ ಎಣಿಸಬೇಡಿ. 2017ರಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು ಎಂದು ಅಣ್ಣ ಫೋನ್ ಮಾಡಿದಾಗ ಇಲ್ಲಿ ರಾತ್ರಿ ಹತ್ತು. ಸಿಡ್ನಿ ಏರ್‌ಪೋರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ವಿಮಾನಗಳಿಗೆ ನಿರ್ಬಂಧ ಇದೆ. ಬ್ಯಾಗ್ ತುಂಬಿ ಬಾಗಿಲ ಹತ್ತಿರ ಇಟ್ಟು, ಷೂ ಹಾಕಿಕೊಂಡೇ ಸೋಫಾದ ಮೇಲೆ ಬೆಳಗಾಗುವುದನ್ನು ಕಾದೆ. ಸಿಂಗಪುರದಲ್ಲಿ ಮತ್ತೆ ಐದು ಗಂಟೆ ಕಾಯುವುದು. ದೇವನಹಳ್ಳಿಯಲ್ಲಿ ಇಳಿದು ಟ್ಯಾಕ್ಸಿ ಹಿಡಿದು ಆಸ್ಪತ್ರೆ ಮುಟ್ಟಿದಾಗ, ಫೋನ್ ಬಂದು 30 ಗಂಟೆ ಕಳೆದಿತ್ತು. ಅಪ್ಪ ನಿದ್ದೆಯಲ್ಲಿದ್ದರು. ಅಣ್ಣ ಸಂಜೆಯೇ ನನಗೆಂದು ಕಟ್ಟಿಸಿಟ್ಟ ಇಡ್ಲಿ ಪೊಟ್ಟಣ ಮಂಚದ ಪಕ್ಕ ತಣ್ಣಗಾಗಿ ಕೂತಿತ್ತು. ಅಪ್ಪನ ಕೈ ಹಿಡಿದುಕೊಂಡೇ ತಿಂದೆ.

ಅವತ್ತು ಅಪ್ಪನನ್ನು ಎತ್ತಿ ಕಾರಿಗೆ ಹತ್ತಿಸಿದ್ದು ಎದುರು ಮನೆಯವರು. ನಿಮಗೆ ಅಲ್ಲಿ ಅಣ್ಣ ತಮ್ಮ ಯಾರೂ ಇಲ್ಲ ಅಲ್ವಾ? ಹೊರಡುವ ಮುಂಚೆ ಅಕ್ಕಪಕ್ಕದವರ ಮನೆಗೆ ನೀವೇ ಹೋಗಿ ಕೂತು ಮಾತಾಡಿ. ಒಂದು ಬೀಗದ ಕೈ ಅವರ ಹತ್ತಿರ ಇರಲಿ. ಅಮ್ಮನ ಮಾತ್ರೆ ಚೀಟಿಯ ಫೋಟೋ ನಿಮ್ಮ ಫೋನಲ್ಲೂ ಇರಲಿ, ಆ ಅಕ್ಕಪಕ್ಕದವರ ಫೋನಲ್ಲೂ ಇರಲಿ.

ವೀಸಾ ಬಗ್ಗೆ ಒಂದು ಮಾತು. ಮುಂದೆ ಹೊಸ ವೀಸಾಗೆ ಅರ್ಜಿ ಹಾಕಿ ನೀವು ಬ್ರಿಡ್ಜಿಂಗ್ ವೀಸಾ ಎ (ಅರ್ಜಿ ತೀರ್ಮಾನವಾಗುವವರೆಗೆ ಇಲ್ಲಿರಲು ಕೊಡುವ ತಾತ್ಕಾಲಿಕ ವೀಸಾ) ಮೇಲೆ ಇದ್ದರೆ, ಅದರ ಮೇಲೆ ದೇಶ ಬಿಟ್ಟು ಹೋಗಿ ವಾಪಸ್ ಬರಲಾಗದು. ಹೊರಡುವ ಮುಂಚೆ ಬ್ರಿಡ್ಜಿಂಗ್ ವೀಸಾ ಬಿ ಪಡೆಯಬೇಕು. ಗಾಬರಿಯಲ್ಲಿ ಇದು ನೆನಪಾಗುವುದಿಲ್ಲ, ಈಗಲೇ ಬರೆದಿಟ್ಟುಕೊಳ್ಳಿ.

ಫೋನ್ ಮಾಡುವುದಕ್ಕೆ ಒಳ್ಳೆಯ ಹೊತ್ತು ಇಲ್ಲಿನ ಬೆಳಿಗ್ಗೆ ಹತ್ತೂವರೆ. ಅಲ್ಲಿ ಆರು ಗಂಟೆ, ಅಮ್ಮ ಕಾಫಿಗೆ ಹಾಲು ಕಾಯಿಸುವ ಹೊತ್ತು. ಅಕ್ಟೋಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಏಪ್ರಿಲ್‌ವರೆಗೆ ಹಾಗೇ ಇರುತ್ತದೆ. ಆ ತಿಂಗಳುಗಳಲ್ಲಿ ಹನ್ನೊಂದೂವರೆಗೆ ಮಾಡಿ. ಬೆಳಗಿನ ಐದಕ್ಕೆ ಫೋನ್ ಹೊಡೆದುಕೊಂಡರೆ ಅವರ ಎದೆ ಧಸಕ್ ಅನ್ನುತ್ತದೆ.