ಸೆಟ್ಟಿನಲ್ಲಿ ‘ಸಜೆಶನ್’ ಕೇಳಿದರೆ ಸಲಹೆ ಕೊಡಬೇಕಾ?

ಪ್ರಶ್ನೆ: ಸರ್, ನಾನು ಡೊಂಬಿವಲಿಯವಳು. ಮುಂಬೈಯ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಒಂದು ಹಿಂದಿ ಧಾರಾವಾಹಿಗೆ ಸಹಾಯಕ ನಿರ್ದೇಶಕಿಯಾಗಿ ಸೇರಿ ಹತ್ತು ದಿನ ಆಯಿತು. ಹಿಂದಿ, ಮರಾಠಿ ಚೆನ್ನಾಗಿಯೇ ಬರುತ್ತದೆ, ಆದರೆ ಸೆಟ್ಟಿನ ಮಾತು ಅರ್ಥವಾಗುತ್ತಿಲ್ಲ. ನಿರ್ದೇಶಕರು ‘ಸಜೆಶನ್ ದೇ ದೋ’ ಅಂದಾಗ ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ ಅಂದುಕೊಂಡು ಹೇಳಲು ಹೋದೆ, ಎಲ್ಲರೂ ನನ್ನನ್ನೇ ನೋಡಿದರು. ‘ಚೀಟ್ ಕರೋ’, ‘ಬ್ಯಾಂಕ್ ನಹೀ ಹೈ’ ಅಂದರೇನು? ಕಾಲ್‌ಶೀಟ್ ವಿಷಯದಲ್ಲೂ ಗೊಂದಲ ಇದೆ.

ಉತ್ತರ: ನಾಚಿಕೊಳ್ಳಬೇಡಿ, ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಒಬ್ಬರ ಕ್ಲೋಸ್, ಅಂದರೆ ಮುಖವನ್ನು ಹತ್ತಿರದಿಂದ ತೋರಿಸುವ ಶಾಟ್, ತೆಗೆಯುವಾಗ ಎದುರಿಗಿರುವವರ ಹೆಗಲೋ ತಲೆಯ ಹಿಂಬದಿಯೋ ಫ್ರೇಮಿನ ಅಂಚಿನಲ್ಲಿ ಸ್ವಲ್ಪ ಕಾಣಬೇಕು, ಆಗ ಇಬ್ಬರೂ ಎದುರುಬದುರು ಇದ್ದಾರೆ ಅಂತ ನೋಡುವವರಿಗೆ ಗೊತ್ತಾಗುತ್ತದೆ. ಅದೇ ಸಜೆಶನ್. ಓಎಸ್ ಅಂತಲೂ ಅನ್ನುತ್ತಾರೆ, ಅಂದರೆ ಓವರ್ ದ ಶೋಲ್ಡರ್. ಎದುರಿನ ನಟಿ ಮೇಕಪ್ ರೂಮಿನಲ್ಲಿದ್ದರೆ ಅದೇ ಎತ್ತರದ ಬೇರೆಯವರಿಗೆ ಅದೇ ದುಪಟ್ಟಾ ಹೊದಿಸಿ ನಿಲ್ಲಿಸುವುದೂ ಉಂಟು. ನಿಮ್ಮ ಕಡೆ ನೋಡಿ ಹೇಳಿದ್ದರೆ ಬಹುಶಃ ನೀವೇ ಹೋಗಿ ಬೆನ್ನು ತೋರಿಸಿ ನಿಲ್ಲಬೇಕಿತ್ತು.

‘ಚೀಟ್’ನಲ್ಲಿ ಮೋಸ ಏನೂ ಇಲ್ಲ. ಕ್ಯಾಮೆರಾ ಜಾಗ ಬದಲಾದಾಗ ಮೇಜಿನ ಮೇಲಿನ ಹೂದಾನಿ ನಟನ ಮುಖಕ್ಕೆ ಅಡ್ಡ ಬರಬಹುದು. ಆಗ ಅದನ್ನು ಎರಡು ಇಂಚು ಸರಿಸುತ್ತೇವೆ. ನಿಜವಾಗಿ ಜಾಗ ತಪ್ಪಿದೆ, ಆದರೆ ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ, ಯಾಕೆಂದರೆ ‘ಕ್ಯಾಮೆರಾ ಲೆಫ್ಟ್ ಚೀಟ್ ಕರೋ’ ಅಂದರೆ ಅದು ಕ್ಯಾಮೆರಾ ಹಿಂದೆ ನಿಂತವರ ಎಡ. ಕ್ಯಾಮೆರಾಗೆ ಮುಖ ಮಾಡಿ ನಿಂತ ನಟನಿಗೆ ಅದು ಬಲ. ಒಂದೆರಡು ದಿನ ಮಾನಿಟರ್ ಹಿಂದೆ ನಿಂತು ನೋಡಿ, ಕೈ ತಾನಾಗಿಯೇ ಸರಿಯಾದ ಕಡೆ ಹೋಗುತ್ತದೆ.

ಕಾಲ್‌ಶೀಟ್ ವಿಷಯದಲ್ಲಿ ನಮ್ಮ ಕನ್ನಡವೇ ಅಡ್ಡ ಬರುತ್ತದೆ. ‘ನಾಯಕ ನಲವತ್ತು ದಿನ ಕಾಲ್‌ಶೀಟ್ ಕೊಟ್ಟಿದ್ದಾರೆ’ ಅಂತ ಸಿನಿಮಾ ಸುದ್ದಿಯಲ್ಲಿ ಓದಿಕೊಂಡೇ ಬೆಳೆದವರು ನಾವು, ಅಲ್ವಾ? ಅಲ್ಲಿ ಅದು ನಟರು ಕೊಡುವ ದಿನಗಳು. ಮುಂಬೈಯಲ್ಲಿ ಅದಕ್ಕೆ ‘ಡೇಟ್ಸ್’ ಅನ್ನುತ್ತಾರೆ. ಇಲ್ಲಿ ಕಾಲ್‌ಶೀಟ್ ಅಂದರೆ ಹಿಂದಿನ ಸಂಜೆ ಎಲ್ಲರಿಗೂ ಹೋಗುವ ಹಾಳೆ: ನಾಳೆ ಯಾವ ಸೀನು, ಎಲ್ಲಿ, ಯಾರು ಎಷ್ಟು ಗಂಟೆಗೆ ಬರಬೇಕು, ಯಾವ ಬಟ್ಟೆ, ಏನೇನು ಸಾಮಾನು. ನಿಮ್ಮ ಕಾಲ್ ಟೈಮ್ 7 ಅಂತ ಇದ್ದರೆ 7ಕ್ಕೆ ನೀವು ಸೆಟ್ಟಿನಲ್ಲಿರಬೇಕು, ದಾದರ್ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುತ್ತಿರುವುದಲ್ಲ.

ಬ್ಯಾಂಕ್ ಅಂದರೆ ಪ್ರಸಾರಕ್ಕೆ ಮೊದಲೇ ಸಿದ್ಧವಾಗಿಟ್ಟ ಕಂತುಗಳು. 2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಾಗ ಬ್ಯಾಂಕ್ ಖಾಲಿಯಾಗಿ ಚಾನೆಲ್‌ಗಳು ಹಳೆಯ ಕಂತುಗಳನ್ನೇ ಹಾಕಿದವು, ನೆನಪಿದೆಯಾ?

ನೀವು ಕೇಳದಿದ್ದರೂ ಕ್ಲ್ಯಾಪ್ ಬಗ್ಗೆ, ಅಂದರೆ ಶಾಟ್ ನಂಬರ್ ಬರೆದ, ಮೇಲೆ ಬಡಿಯುವ ಕೋಲಿರುವ ಬೋರ್ಡಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಇಂದಲ್ಲ ನಾಳೆ ಅದು ನಿಮ್ಮ ಕೈಗೇ ಬರುತ್ತದೆ. ಚಿತ್ರ ಒಂದು ಯಂತ್ರದಲ್ಲಿ, ಶಬ್ದ ಇನ್ನೊಂದರಲ್ಲಿ ರೆಕಾರ್ಡ್ ಆಗುವಾಗ, ಕೋಲು ಬಡಿದ ಫ್ರೇಮನ್ನೂ ‘ಟಕ್’ ಅನ್ನುವ ಸದ್ದನ್ನೂ ಎಡಿಟರ್ ಜೋಡಿಸುತ್ತಾರೆ. ಹಾಗಾಗಿ ಸೌಂಡ್, ಕ್ಯಾಮೆರಾ ಎರಡೂ ರೋಲ್ ಆಗಿವೆ ಅಂತ ಕೇಳಿಸಿಕೊಂಡ ಮೇಲೇ ಸೀನ್, ಶಾಟ್, ಟೇಕ್ ನಂಬರ್ ಜೋರಾಗಿ ಓದಿ ಬಡಿಯಿರಿ, ಬಡಿದ ಕೂಡಲೇ ಸದ್ದಿಲ್ಲದೆ ಫ್ರೇಮಿನಿಂದ ಆಚೆ ಹೋಗಿ. ಶುರುವಿನಲ್ಲಿ ಬಡಿಯಲು ಆಗದಿದ್ದರೆ ಶಾಟ್ ಮುಗಿದ ಮೇಲೆ, ‘ಕಟ್’ ಅನ್ನುವ ಮೊದಲು, ಬೋರ್ಡನ್ನು ತಲೆಕೆಳಗಾಗಿ ಹಿಡಿದು ಬಡಿಯುತ್ತಾರೆ. ತಲೆಕೆಳಗಾದ ಬೋರ್ಡ್ ಕಂಡರೆ ಇದು ಈಗಷ್ಟೇ ಮುಗಿದ ಶಾಟಿನದು ಅಂತ ಎಡಿಟರ್‌ಗೆ ಗೊತ್ತಾಗುತ್ತದೆ. ನಾನು ಹೊಸದರಲ್ಲಿ ಒಂದು ಮಧ್ಯಾಹ್ನ ನಂಬರ್ ಬದಲಿಸದೆ ಮೂರು ಶಾಟ್‌ಗೂ ಒಂದೇ ನಂಬರ್ ಹೊಡೆದುಬಿಟ್ಟಿದ್ದೆ. ಎಡಿಟರ್ ರಾತ್ರಿಯೆಲ್ಲ ಕೂತು ಹುಡುಕಿದರು. ಬೆಳಿಗ್ಗೆ ಕಂಡ ಅವರ ಮುಖ ಇವತ್ತಿಗೂ ನೆನಪಿದೆ.

ಕಂಟಿನ್ಯುಟಿ, ಅಂದರೆ ಒಂದು ಶಾಟಿನಲ್ಲಿದ್ದದ್ದು ಮುಂದಿನದರಲ್ಲೂ ಹಾಗೇ ಇರುವಂತೆ ನೋಡಿಕೊಳ್ಳುವ ಕೆಲಸವೂ ನಿಮಗೇ ಬಂದರೆ ಪ್ರತಿ ಶಾಟ್ ಮುಗಿದ ಕೂಡಲೇ ಫೋಟೊ ತೆಗೆದಿಡಿ: ಬಳೆ ಯಾವ ಕೈಯಲ್ಲಿತ್ತು, ಲೋಟದಲ್ಲಿ ಚಹಾ ಎಷ್ಟಿತ್ತು, ಸೆರಗು ಯಾವ ಹೆಗಲ ಮೇಲಿತ್ತು. ಆ ಸೀನಿನ ಉಳಿದ ಭಾಗ ಮೂರು ದಿನ ಬಿಟ್ಟು ತೆಗೆಯುವಾಗ ಎಲ್ಲರೂ ನಿಮ್ಮನ್ನೇ ಕೇಳುತ್ತಾರೆ.