ಊರುಗೋಲು ಹಿಡಿದ ಮೇಲೆ ಕೈ ಜೋತುಬಿದ್ದರೆ

ಬದಿಯಡ್ಕದಿಂದ ಕೇಳಿದವರಿಗೆ: ಅಡಿಕೆ ಮರದಿಂದ ಬಿದ್ದು ಕಾಲು ಮುರಿದ ನಿಮ್ಮ ಭಾವನವರಿಗೆ, ಕಂಕುಳಿನ ಊರುಗೋಲಿನಲ್ಲಿ ನಡೆಯತೊಡಗಿದ ಮೇಲೆ ಬಲ ಮಣಿಕಟ್ಟು ಎತ್ತಲಾಗುತ್ತಿಲ್ಲ ಎಂದಿದ್ದೀರಿ. ಹೆಚ್ಚಾಗಿ ಇದು ರೇಡಿಯಲ್ ನರ, ಅಂದರೆ ಮೊಣಕೈ ನೆಟ್ಟಗೆ ಮಾಡುವ, ಮಣಿಕಟ್ಟು ಎತ್ತುವ ಸ್ನಾಯುಗಳ ನರ, ಒತ್ತಿಹೋದ ಲಕ್ಷಣ. ಈ ನರ ಕಂಕುಳಲ್ಲಿ ದೊಡ್ಡ ರಕ್ತನಾಳದ ಹಿಂದೆ, ಹಿಂಬದಿಯ ಸ್ನಾಯುಗಳಿಗೆ ತಾಗಿಕೊಂಡು ಇಳಿಯುತ್ತದೆ. ಮೈಭಾರವೆಲ್ಲ ಕೋಲಿನ ತಲೆಗೆ ಬಿದ್ದರೆ ಕೋಲಿಗೂ ತೋಳೆಲುಬಿಗೂ ನಡುವೆ ಸಿಕ್ಕಿ ನಲುಗುತ್ತದೆ. ಮೊಣಕೈ ನೆಟ್ಟಗೆ ಮಾಡುವ ಬಲವೂ ಕುಗ್ಗಿದೆಯೇ ನೋಡಿ. ಕುಗ್ಗಿದ್ದರೆ ಪೆಟ್ಟು ಕಂಕುಳ ಮಟ್ಟದ್ದು. ತೋಳಿನ ಮಧ್ಯದಲ್ಲಿ ಒತ್ತಿದ್ದರೆ ಆ ಬಲ ಸಾಮಾನ್ಯವಾಗಿ ಉಳಿದಿರುತ್ತದೆ.

ಕೋಲಿನ ಅಳತೆ ಇವತ್ತೇ ನೋಡಿ. ನೆಟ್ಟಗೆ ನಿಂತಾಗ ಮೆತ್ತೆಗೂ ಕಂಕುಳಿಗೂ ನಡುವೆ 2–3 ಬೆರಳು ತೂರಬೇಕು, ಕೋಲಿನ ಹಿಡಿ ಇಳಿಬಿಟ್ಟ ಕೈಯ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು, ಹಿಡಿದಾಗ ಮೊಣಕೈ 20–30 ಡಿಗ್ರಿ ಬಾಗಬೇಕು. ಭಾರ ಅಂಗೈ ಮೇಲೆ. ಮೆತ್ತೆಯನ್ನು ಪಕ್ಕೆಗೆ ಅವುಚಿಕೊಂಡರೆ ಸಾಕು. ಬೈರಾಸು ಸುತ್ತಿ ದಪ್ಪ ಮಾಡಬೇಡಿ, ನೋವು ತಿಳಿಯದೆ ಇನ್ನಷ್ಟು ಒರಗುತ್ತಾರೆ.

ಆದರೆ ಈಗ ಆ ಕೈಗೆ ಹಿಡಿತವಿಲ್ಲ. ಮೂಳೆ ವೈದ್ಯರು ನೋಡುವ ತನಕ ಅವರನ್ನು ಕೋಲಿನಲ್ಲಿ ನಡೆಸಬೇಡಿ, ಮತ್ತೆ ಬಿದ್ದಾರು. ಮಣಿಕಟ್ಟು ಎತ್ತಿ ಹಿಡಿಯುವ ಪಟ್ಟಿ ಕೊಡುತ್ತಾರೆ. ಒತ್ತಡ ತಪ್ಪಿದರೆ ಬಹುಪಾಲು ಮಂದಿಗೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಬಲ ಮರಳುತ್ತದೆ. ಕೈ ತಣ್ಣಗಾಗಿ ಬಿಳಿಚಿದರೆ, ನಾಡಿ ಸಿಗದಿದ್ದರೆ ರಕ್ತನಾಳವೇ ಕಟ್ಟಿರಬಹುದು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಪಾರ್ಶ್ವವಾಯು ಇರಬಹುದು. ಎರಡರಲ್ಲಿ ಯಾವುದಿದ್ದರೂ ಬೆಳಗಿನವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.