ಮ್ಯಾಚಿಗೂ ಗೇಮಿಗೂ ಹಳೇ ಪ್ಲಾಸ್ಮಾ ಟಿವಿ ತಗೊಳ್ಳಬಹುದಾ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್ ಯಾವುದನ್ನೂ ನಾವು ಬಿಡುವವರಲ್ಲ. ಮಗ ಪ್ಲೇಸ್ಟೇಷನ್ ಗೇಮ್ ಯಂತ್ರ ಪಿಎಸ್4ನಲ್ಲಿ ಫುಟ್‌ಬಾಲ್ ಗೇಮ್ ಆಡುತ್ತಾನೆ, ಮುಂದೆ ಪಿಎಸ್5 ಬೇಕು ಅಂತಿದ್ದಾನೆ. ದುಬೈಯಿಂದ ಬಂದು ಊರಲ್ಲೇ ನೆಲೆಸಿರುವ ನಮ್ಮ ಭಾವ, 2012ರಲ್ಲಿ ಅಲ್ಲಿ ಕೊಂಡ 51 ಇಂಚಿನ ಪ್ಲಾಸ್ಮಾ ಟಿವಿಯನ್ನು 12,000 ರೂಪಾಯಿಗೆ ಕೊಡುತ್ತೇನೆ ಎನ್ನುತ್ತಾರೆ. ಆಟ ನೋಡಲು ಅದಕ್ಕಿಂತ ಒಳ್ಳೆಯ ಟಿವಿ ಇಲ್ಲ ಅಂತ ಅವರ ಮಾತು. ತಗೊಳ್ಳಬಹುದಾ, ಇಲ್ಲ ಹೊಸ ಎಲ್‌ಇಡಿಯೇ ವಾಸಿಯಾ?

ಉತ್ತರ: ನಿಮ್ಮ ಭಾವ ಹೇಳಿದ್ದರಲ್ಲಿ ತುಂಬಾ ಸತ್ಯವಿದೆ. ಆದರೂ ಆ ಟಿವಿಗೆ 12,000 ಕೊಡಬೇಡಿ.

ಸತ್ಯ ಏನು ಅಂತ ಮೊದಲು ನೋಡೋಣ. ಪ್ಲಾಸ್ಮಾ ಪರದೆಯಲ್ಲಿ ಒಂದೊಂದು ಚುಕ್ಕಿಯಲ್ಲೂ ಪುಟ್ಟ ಕೋಶಗಳಿರುತ್ತವೆ. ಒಳಗೆ ನಿಯಾನ್ ಮತ್ತು ಕ್ಸೆನಾನ್ ಅನಿಲ. ಕರೆಂಟ್ ಹರಿದಾಗ ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿಡುತ್ತದೆ. ಆ ಕಿರಣ ಕೋಶದೊಳಗೆ ಬಳಿದ ಫಾಸ್ಫರ್‌ಗೆ ತಾಗಿ ಬಣ್ಣ ಹೊಳೆಯುತ್ತದೆ. ಪ್ರತಿ ಚಿತ್ರಕ್ಕೂ ಈ ಕೋಶಗಳು ಹಲವು ಸಲ ಮಿನುಗಿ ಆರುತ್ತವೆ. ಎಲ್‌ಇಡಿ ಟಿವಿ ಹಾಗಲ್ಲ. 60 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪ್ಯಾನೆಲ್ (ಪರದೆ) ಒಂದು ಚಿತ್ರವನ್ನು ಸುಮಾರು 16.7 ಮಿಲಿಸೆಕೆಂಡ್ ಹಾಗೆಯೇ ಹಿಡಿದುಕೊಂಡಿರುತ್ತದೆ. ಚೆಂಡಿನ ಹಿಂದೆ ನಮ್ಮ ಕಣ್ಣು ಓಡುತ್ತಿರುತ್ತದೆ, ಪರದೆಯ ಚಿತ್ರ ನಿಂತಿರುತ್ತದೆ. ಅದಕ್ಕೇ ಕಣ್ಣಿಗೆ ಮಸುಕು. ಕ್ಯಾಮೆರಾ ಮೈದಾನದ ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗುವಾಗ ಹುಲ್ಲೆಲ್ಲ ಹಸಿರು ಪಟ್ಟಿಯಾಗಿಬಿಡುವುದನ್ನು ನೋಡಿರುತ್ತೀರಿ ಅಲ್ವಾ? ಪ್ಲಾಸ್ಮಾದಲ್ಲಿ ಇದು ಬಹಳ ಕಡಿಮೆ. ಕಬಡ್ಡಿಯಲ್ಲಿ ರೈಡರ್‌ನ ಕಾಲು ಗೆರೆ ದಾಟಿತಾ ಇಲ್ವಾ ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದಲ್ಲಿ ಕೂತವರಿಗೂ ಬಣ್ಣ ಬದಲಾಗುವುದಿಲ್ಲ. ನಡುರಾತ್ರಿ ಲೈಟ್ ಆರಿಸಿ ಯುರೋಪಿನ ಫುಟ್‌ಬಾಲ್ ನೋಡುವವರಿಗೆ ಪ್ಲಾಸ್ಮಾದ ಗಾಢ ಕಪ್ಪು ಬಣ್ಣ ಇವತ್ತಿಗೂ ಇಷ್ಟವಾಗುತ್ತದೆ.

ಅದರ ಪೆಟ್ಟಿಗೆ ಮೇಲಿನ '600 ಹರ್ಟ್ಸ್' ನೋಡಿ ಮಾತ್ರ ಮರುಳಾಗಬೇಡಿ. ಸೆಕೆಂಡಿಗೆ 600 ಚಿತ್ರ ಬರುವುದಿಲ್ಲ. 60 ಚಿತ್ರ ಬಂದರೆ ಒಂದೊಂದನ್ನೂ 10 ತುಣುಕಾಗಿ ಮಿನುಗಿಸುತ್ತದೆ, ಆ ಲೆಕ್ಕ ಅದು.

ಇನ್ನು ಬೇಡ ಅನ್ನುವುದಕ್ಕೆ ಕಾರಣ. ಪ್ಯಾನಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ ಕೈಬಿಟ್ಟವು. ಹೊಸ ಪ್ಯಾನೆಲ್ ಈಗ ಎಲ್ಲೂ ಸಿಗುವುದಿಲ್ಲ. ಈ ಟಿವಿಗಳಲ್ಲಿ ಸಾಮಾನ್ಯವಾಗಿ ಹೋಗುವುದು ಪವರ್ ಬೋರ್ಡ್ ಮತ್ತು ಮೆಕ್ಯಾನಿಕ್‌ಗಳು ವೈ-ಸಸ್, ಝಡ್-ಸಸ್ ಎನ್ನುವ ಬೋರ್ಡುಗಳು. ಅವು ಬೇಕಾದರೆ ಇನ್ನೊಂದು ಕೆಟ್ಟ ಟಿವಿಯಿಂದ ಬಿಚ್ಚಿ ತರಬೇಕು. ಕಾಸರಗೋಡಿನಲ್ಲಿ ಸಿಗದೆ ಮಂಗಳೂರಿಗೆ ಓಡಿ, ಅಲ್ಲೂ ಸಿಗದೆ ಹೋದರೆ ನಿಮ್ಮ ದುಡ್ಡು ಅಲ್ಲಿಗೇ ಮುಗಿಯಿತು.

ಎರಡನೆಯದು ಕರೆಂಟ್. ನಮ್ಮ ಕಾಸರಗೋಡು ಜಿಲ್ಲೆಯವರು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕು. ಆ ಗಾತ್ರದ ಪ್ಲಾಸ್ಮಾ ಸರಾಸರಿ 250 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಬೆಳಕು ಜಾಸ್ತಿ ಇರುವ ದೃಶ್ಯಕ್ಕೆ ಇನ್ನೂ ಹೆಚ್ಚು. ದಿನಕ್ಕೆ 5 ಗಂಟೆ ಹಾಕಿದರೆ ಎರಡು ತಿಂಗಳಿಗೆ 75 ಯೂನಿಟ್. ಅದೇ 55 ಇಂಚಿನ ಎಲ್‌ಇಡಿ 110 ವ್ಯಾಟ್ ಆದರೆ 33 ಯೂನಿಟ್. ವ್ಯತ್ಯಾಸ ಬರೀ ಆ 42 ಯೂನಿಟ್‌ನದ್ದಲ್ಲ. ತಿಂಗಳಿಗೆ 250 ಯೂನಿಟ್ ಮೀರಿದರೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಲೆಕ್ಕವೇ ಬೇರೆ. ಅಲ್ಲಿವರೆಗೆ ಹಂತ ಹಂತದ ದರ, ಮೀರಿದ ಮೇಲೆ ಮೊದಲ ಯೂನಿಟ್‌ನಿಂದಲೇ ಒಂದೇ ದೊಡ್ಡ ದರ. ಫ್ರಿಜ್ಜು, ಪಂಪು ಇರುವ ಕೆಲವು ಮನೆಗಳು ಆ ಗೆರೆಯ ಹತ್ತಿರ ಇರಬಹುದು. ಅಂಥ ಮನೆಗೆ ಟಿವಿ ಒಂದೇ ಸಾಕು ಗೆರೆ ದಾಟಿಸಲು. ಹಳೇ ಬಿಲ್ಲು ತೆಗೆದು ಒಮ್ಮೆ ನೋಡಿ.

ಮೂರನೆಯದು ಗೇಮ್. ಆಟದ ಸ್ಕೋರು, ಟೈಮು, ಮೂಲೆಯ ಮ್ಯಾಪು ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಇರುತ್ತವೆ. ಪ್ಲಾಸ್ಮಾದಲ್ಲಿ ಅದರ ಅಚ್ಚು ಉಳಿಯುತ್ತದೆ. ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿಗಳ 4ಕೆ ಇಲ್ಲ, ಬೆಳಕು-ಕತ್ತಲೆಯನ್ನು ಇನ್ನಷ್ಟು ಎತ್ತಿ ತೋರಿಸುವ ಎಚ್‌ಡಿಆರ್ ಇಲ್ಲ, ಸೆಕೆಂಡಿಗೆ 120 ಫ್ರೇಮ್ (ಚಿತ್ರ) ತೆಗೆದುಕೊಳ್ಳುವುದಿಲ್ಲ. ಪಿಎಸ್5 ತಂದರೂ ಅದರ ಅರ್ಧ ಶಕ್ತಿ ಸುಮ್ನೆ ಕೂರುತ್ತದೆ. ಇನ್ನೊಂದು ಮಾತು: ಆ ಕಾಲದ 42ರಿಂದ 51 ಇಂಚಿನ ಎಷ್ಟೋ ಪ್ಲಾಸ್ಮಾಗಳು ಫುಲ್ ಎಚ್‌ಡಿ ಅಲ್ಲ, ಬರೀ 1024×768 ಚುಕ್ಕಿ. ನಿಮ್ಮ ಭಾವನ ಟಿವಿ ಯಾವುದೆಂದು ಹಿಂದಿನ ಲೇಬಲ್‌ನ ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಗೊತ್ತಾಗುತ್ತದೆ.

ಹಾಗಾದರೆ ಏನು ತಗೊಳ್ಳುವುದು? ಇಂಚಿಗೆ ದುಡ್ಡು ಹಾಕಬೇಡಿ, ಪ್ಯಾನೆಲ್‌ನ ವೇಗಕ್ಕೆ ಹಾಕಿ. 60 ಹರ್ಟ್ಸ್‌ನ 65 ಇಂಚಿಗಿಂತ 120 ಹರ್ಟ್ಸ್‌ನ 55 ಇಂಚು ನಿಮಗೆ ಒಳ್ಳೆಯದು. ಅಂಗಡಿಯಲ್ಲಿ 'ನೇಟಿವ್ ರಿಫ್ರೆಶ್ ರೇಟ್ ಎಷ್ಟು' ಅಂತಲೇ ಕೇಳಿ. 'ಮೋಷನ್ ರೇಟ್ 120' ಅಂದರೆ ಬಹುಪಾಲು 60 ಹರ್ಟ್ಸ್ ಪ್ಯಾನೆಲ್ಲೇ. 'ಡಿಎಲ್‌ಜಿ 120' ಅಂದರೆ ಚಿತ್ರದ ಅರ್ಧ ಗೆರೆಗಳನ್ನು ಬಿಟ್ಟು 120 ಮಾಡುವ ಉಪಾಯ. ಪಿಎಸ್5ನಲ್ಲಿ 4ಕೆ ಜೊತೆ 120 ಫ್ರೇಮ್ ಬೇಕಾದರೆ ಟಿವಿಯಲ್ಲಿ ಎಚ್‌ಡಿಎಂಐ 2.1 ಪೋರ್ಟ್ ಇರಬೇಕು. ನಾಲ್ಕು ಪೋರ್ಟ್ ಇದ್ದರೂ ಒಂದೆರಡು ಮಾತ್ರ ಅಂಥದ್ದಾಗಿರಬಹುದು, ಯಾವುದೆಂದು ನೋಡಿಕೊಳ್ಳಿ.

ಒಂದು ವಿಷಯ ಮಾತ್ರ ಅಂಗಡಿಯವರು ಹೇಳುವುದಿಲ್ಲ. 120 ಹರ್ಟ್ಸ್ ಪ್ಯಾನೆಲ್ ತಂದ ಕೂಡಲೇ ಕ್ರಿಕೆಟ್‌ನ ಮಸುಕು ಮಾಯವಾಗುವುದಿಲ್ಲ. ನಮ್ಮಲ್ಲಿ ಮ್ಯಾಚ್ ಬರುವುದು ಸೆಕೆಂಡಿಗೆ 50 ಚಿತ್ರದಂತೆ. ನಡುವಿನ ಚಿತ್ರಗಳನ್ನು ಟಿವಿಯೇ ಹುಟ್ಟಿಸಬೇಕು. ಅದಕ್ಕೆ ಮೋಷನ್ ಸೆಟ್ಟಿಂಗ್ ಇದೆ, ಮ್ಯಾಚಿಗೆ ಅದನ್ನು ಕೆಳಮಟ್ಟದಲ್ಲಿ ಇಡಿ. ಜಾಸ್ತಿ ಮಾಡಿದರೆ ಚೆಂಡೇ ಮಾಯವಾಗುವುದುಂಟು. ಗೇಮ್ ಆಡುವಾಗ ಪೂರ್ತಿ ಆಫ್ ಮಾಡಿ ಗೇಮ್ ಮೋಡ್‌ಗೆ ಹಾಕಿ. ಆಗ ಒಳ್ಳೆಯ ಟಿವಿಯಲ್ಲಿ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ಟಿವಿಯಿಂದಾಗುವ ತಡ 10-15 ಮಿಲಿಸೆಕೆಂಡ್ ಅಷ್ಟೇ.

ಪ್ಲಾಸ್ಮಾದ ಆ ಕಪ್ಪೇ ಬೇಕು ಅಂದರೆ ಒಂದೊಂದು ಚುಕ್ಕಿಯೂ ತಾನೇ ಬೆಳಗಿ ಆರುವ ಓಎಲ್‌ಇಡಿ ಇದೆ. ಬೆಲೆ ಜಾಸ್ತಿ, ಅಚ್ಚು ಉಳಿಯುವ ಭಯ ಅಲ್ಲೂ ಸ್ವಲ್ಪ ಇದೆ. ಹಗಲು ಬಾಗಿಲು ತೆರೆದಿಟ್ಟು ಚಾವಡಿಯಲ್ಲಿ ಕೂತು ಮ್ಯಾಚ್ ನೋಡುವ ಮನೆಯಾದರೆ ಹಿಂದೆ ಪುಟ್ಟ ಪುಟ್ಟ ದೀಪಗಳಿದ್ದು ಹೆಚ್ಚು ಬೆಳಗುವ ಮಿನಿ ಎಲ್‌ಇಡಿ ಅನ್ನುತ್ತೇನೆ ನಾನು. ಪಿಎಸ್5 ಸದ್ಯಕ್ಕೆ ಇಲ್ಲ, ಬಜೆಟ್ಟೂ ಕಡಿಮೆ ಅಂದರೆ ಗೇಮ್ ಮೋಡ್ ಇರುವ 60 ಹರ್ಟ್ಸ್ ಟಿವಿ ಸಾಕು. ಪಿಎಸ್4 ಕೊಡುವುದೇ 60 ಫ್ರೇಮ್‌ವರೆಗೆ. ಯಾವುದನ್ನು ತಂದರೂ ಅಕ್ಟೋಬರ್-ನವೆಂಬರ್‌ನ ಗುಡುಗು ಮಳೆಗೆ ಪ್ಲಗ್ ಜೊತೆ ಡಿಶ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲು ಸ್ಟೆಬಿಲೈಜರ್‌ಗೆ ನಿಲ್ಲುವುದಿಲ್ಲ.

ಪ್ರಶ್ನೆ: ಉಪ್ಪಳದ ನಮ್ಮ ಮನೆಯಲ್ಲಿ ಪ್ಲಾಸ್ಮಾ ಟಿವಿ ಇದೆ, ಚೆನ್ನಾಗಿ ಓಡುತ್ತಿದೆ. ಮೂಲೆಯಲ್ಲಿ ಚಾನೆಲ್ ಲೋಗೋದ ನೆರಳು ಉಳಿದಿದೆ. ಬಿಸಾಡಬೇಕಾ?

ಉತ್ತರ: ಖಂಡಿತ ಬೇಡ. ಕೊಳ್ಳುವುದು ಬೇರೆ, ಇರುವುದನ್ನು ಬಳಸುವುದು ಬೇರೆ. ಆ ನೆರಳು ತಾತ್ಕಾಲಿಕವಾಗಿರಬಹುದು. ಕೆಲವು ದಿನ ಲೋಗೋ ಇಲ್ಲದ, ಪರದೆ ತುಂಬ ಬಣ್ಣ ಬದಲಾಗುವ ವಿಡಿಯೊ ಹಾಕಿ. ಮೆನುವಿನಲ್ಲಿ ಬಿಳಿ ಪಟ್ಟಿ ಹರಿಸುವ 'ಸ್ಕ್ರಾಲಿಂಗ್' ಇದ್ದರೆ ಅದನ್ನೂ ಓಡಿಸಿ. 'ಪಿಕ್ಸೆಲ್ ಆರ್ಬಿಟರ್' ಅಥವಾ 'ಪಿಕ್ಸೆಲ್ ಶಿಫ್ಟ್' ಆನ್ ಇರಲಿ, ಕಾಂಟ್ರಾಸ್ಟ್ ಸ್ವಲ್ಪ ಇಳಿಸಿ. ಇಷ್ಟಕ್ಕೂ ಹೋಗದಿದ್ದರೆ ಫಾಸ್ಫರ್ ಸವೆದಿದೆ ಎಂದರ್ಥ, ಅದಕ್ಕೆ ರಿಪೇರಿ ಇಲ್ಲ. ಜಾಗ ಬದಲಿಸುವಾಗ ಟಿವಿಯನ್ನು ಮಲಗಿಸಬೇಡಿ, ನಿಲ್ಲಿಸಿಯೇ ಇಬ್ಬರು ಎತ್ತಿ. ಗಾಜು ಭಾರ, ಒಡೆದರೆ ಮುಗಿಯಿತು.

ಪ್ರಶ್ನೆ: ಮುಳ್ಳೇರಿಯದಿಂದ ಬರೆಯುತ್ತಿದ್ದೇನೆ. ಡಿಶ್‌ನಲ್ಲಿ ಮ್ಯಾಚ್ ಸರಾಗವಾಗಿ ಬರುತ್ತದೆ. ಅದೇ ಟಿವಿಗೆ ನೆಟ್‌ನಿಂದ ವಿಡಿಯೊ ತೋರಿಸುವ ಸ್ಟಿಕ್ ಹಾಕಿ ಆಪ್‌ನಲ್ಲಿ ನೋಡಿದರೆ ಆಗಾಗ ಜಗ್ಗಿದಂತಾಗುತ್ತದೆ. ನೆಟ್ ಚೆನ್ನಾಗಿದೆ.

ಉತ್ತರ: ನೆಟ್ಟೂ ಸರಿ, ಟಿವಿಯೂ ಸರಿ. ಮ್ಯಾಚ್ 50 ಚಿತ್ರದ್ದು, ಸ್ಟಿಕ್ ಹೊರಗೆ ಕಳಿಸುತ್ತಿರುವುದು 60 ಹರ್ಟ್ಸ್‌ನಲ್ಲಿ. ಐದು ಚಿತ್ರಕ್ಕೊಂದು ಸಲ ಅದೇ ಚಿತ್ರ ಮತ್ತೆ ಬರುತ್ತದೆ, ಅದೇ ಆ ಜಗ್ಗು. ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮೂಲ ಫ್ರೇಮ್ ರೇಟ್‌ಗೆ ಹೊಂದಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಆಪ್ ಅದಕ್ಕೆ ಒಗ್ಗದಿದ್ದರೆ ಕೈಯಾರೆ 1080ಪಿ 50 ಹರ್ಟ್ಸ್ ಆರಿಸಿ. ಮ್ಯಾಚ್ ಮುಗಿದ ಮೇಲೆ ಹಿಂದಿನಂತೆ ಮಾಡಿಕೊಳ್ಳಿ.